ಅತ್ತಿಗೆಯ ಬೆನ್ನಿಗೆ ಹದಿನಾಲ್ಕು ಥಿಯರಿ

ಮೊದಲೇ ಹೇಳಿಬಿಡುತ್ತೇನೆ. ಆ ಸಿನಿಮಾದಲ್ಲಿ ಬಂಗಲೆಗೆ ಬೀಗ ಹಾಕಿ, ಟೀ ಗಿಡಗಳ ನಡುವಿನ ದಾರಿಯಲ್ಲಿ ನಡೆದುಹೋಗಿ, ಮಂಜಿನಲ್ಲಿ ಕಾಣೆಯಾಗುವ ಹೆಂಗಸು ನಾಯಕಿಯಲ್ಲ. ನಾಯಕಿಯ ಅವಳಿ ತಂಗಿಯಲ್ಲ, ದೆವ್ವವಲ್ಲ, ಗಂಡನ ಭ್ರಮೆಯೂ ಅಲ್ಲ. ಅದು ನನ್ನ ಅತ್ತಿಗೆ. ನನ್ನ ಅಣ್ಣನ ಹೆಂಡತಿ. ಕೊಯಮತ್ತೂರಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಇಪ್ಪತ್ತಾರು ವರ್ಷದಿಂದ ಗಣಿತ ಹೇಳಿಕೊಡುತ್ತಿರುವವರು.

ಇಷ್ಟು ಹೇಳಿದರೆ ಸಾಕು, ಆ ಸಿನಿಮಾದ ಭಕ್ತರು ನನ್ನ ಮೇಲೆ ಬೀಳುತ್ತಾರೆ. ಬೀಳಲಿ. ಇಲ್ಲಿ ಬರೆಯಲು ಶುರುಮಾಡಿದಾಗಿನಿಂದ ಬೈಸಿಕೊಂಡು ಅಭ್ಯಾಸವಿದೆ.

ನೋಡದವರಿಗಾಗಿ ಕಥೆ ಹೇಳುತ್ತೇನೆ, ಎರಡು ನಿಮಿಷವೂ ಬೇಡ. ವಾಲ್ಪಾರೈ ಕಡೆಯ ಒಂದು ಎಸ್ಟೇಟ್ ಬಂಗಲೆ. ಗಂಡ ಮ್ಯಾನೇಜರ್, ಹೆಂಡತಿ ದೇವರು ದಿಂಡರು ಏನನ್ನೂ ನಂಬದ ಜೀವಶಾಸ್ತ್ರದ ಮೇಡಂ. ಇಂಟರ್ವಲ್‌ಗೆ ಮುಂಚೆ ಅವಳು ಮನೆಗೆ ಬೀಗ ಹಾಕಿ ಹೊರಡುತ್ತಾಳೆ, ದಾರಿಯ ತಿರುವಿನಲ್ಲಿ ಮಂಜು ಕವಿಯುತ್ತದೆ, ಅಷ್ಟೇ. ಆಮೇಲೆ ಒಂದು ಗಂಟೆ ಗಂಡ ಹುಡುಕುತ್ತಾನೆ, ಪೊಲೀಸು ಹುಡುಕುತ್ತದೆ, ನಾಯಿ ಹುಡುಕುತ್ತದೆ. ಸಿಗುವುದಿಲ್ಲ. ಯಾಕೆ ಹೋದಳು, ಎಲ್ಲಿಗೆ ಹೋದಳು ಎಂದು ಯಾರೂ ಹೇಳುವುದಿಲ್ಲ. ಕೊನೆಗೆ ಅದೇ ಬೀಗ, ಅದೇ ಬೆನ್ನು, ಅದೇ ಮಂಜು ಮತ್ತೊಂದು ಸಲ ತೋರಿಸಿ ಲೈಟು ಹಾಕಿಬಿಡುತ್ತಾರೆ.

ಥಿಯೇಟರಿನಲ್ಲಿ ಒಂದು ವಾರ ಓಡಲಿಲ್ಲ. ಮೊಬೈಲಿಗೆ ಬಂದ ಮೇಲೆ ಶುರುವಾಯಿತು ನೋಡಿ. ಕೆಲಸವಿಲ್ಲದವರೆಲ್ಲ ಪತ್ತೇದಾರರಾದರು.

ಈಗ ನಾಲ್ಕು ವರ್ಷ ಹಿಂದಕ್ಕೆ ಹೋಗಬೇಕು. ಶಾಲೆ ತೆರೆಯುವ ಮುಂಚೆ, ಜೂನ್ ತಿಂಗಳ ಆರಂಭ. ಅತ್ತಿಗೆಯ ತಮ್ಮ ವಾಲ್ಪಾರೈಯ ಒಂದು ಎಸ್ಟೇಟಿನಲ್ಲಿ ಫೀಲ್ಡ್ ಆಫೀಸರ್. ನಾನೂ ಅತ್ತಿಗೆಯೂ ಮೂರು ದಿನಕ್ಕೆಂದು ಅವನ ಕ್ವಾರ್ಟರ್ಸಿಗೆ ಹೋಗಿದ್ದೆವು. ಅಲ್ಲೇ ಕೂಗಳತೆಯ ಹಳೇ ಬಂಗಲೆಯಲ್ಲಿ ಶೂಟಿಂಗ್. ನಾವು ಕೊಡೆ ಹಿಡಿದುಕೊಂಡು ನೋಡಲು ನಿಂತಿದ್ದೆವು, ಎಲ್ಲರ ಹಾಗೆ.

ಆವತ್ತು ತೆಗೆಯಬೇಕಿದ್ದದ್ದು ಈ ನಡೆದುಹೋಗುವ ಶಾಟ್. ದಾರಿಯ ತುಂಬ ಜಿಗಣೆ. ನಾಯಕಿಗೆ ಜಿಗಣೆ ಎಂದರೆ ಪ್ರಾಣ ಹೋಗುತ್ತದಂತೆ, ಕ್ಯಾರವಾನಿನಿಂದ ಇಳಿಯಲಿಲ್ಲ. ಅವಳ ಬದಲು ನಡೆಯಬೇಕಾಗಿದ್ದ ಡೂಪ್ ಹುಡುಗಿ ಘಾಟಿಯ ನಲವತ್ತು ತಿರುವುಗಳಲ್ಲೂ ವಾಂತಿ ಮಾಡಿಕೊಂಡು ಬಂದು ಮಲಗಿಬಿಟ್ಟಿದ್ದಳು. ಮಂಜು ಇಳಿಯುತ್ತಿತ್ತು, ಡೈರೆಕ್ಟರ್ ಚಡ್ಡಿ ಹಾಕಿಕೊಂಡು ಆ ಕಡೆ ಈ ಕಡೆ ಓಡುತ್ತಿದ್ದ. ಕಾಸ್ಟ್ಯೂಮಿನವನ ಕಣ್ಣು ನಮ್ಮ ಕಡೆ ಬಿತ್ತು. ಅತ್ತಿಗೆ ಉದ್ದದ ಹೆಂಗಸು, ಸೊಂಟ ದಾಟುವ ಜಡೆ.

"ಅಕ್ಕಾ, ಕೊಂಚ ಹೆಲ್ಪ್ ಪಣ್ಣುಂಗ," ಅಂದ. "ಮುಖ ಕಾಣೋದೇ ಇಲ್ಲ. ಬರೀ ಬೆನ್ನು."

ಅತ್ತಿಗೆ ನನ್ನ ಮುಖ ನೋಡಿದರು. "ಅಣ್ಣನಿಗೆ ಹೇಳ್ಬೇಡ," ಅಂದರು. ಅಂದರೆ ಒಪ್ಪಿಯಾಗಿತ್ತು.

ಅಣ್ಣನಿಗೆ ಯಾಕೆ ಹೇಳಬಾರದು ಎಂದರೆ, ಅವನು ಆಡಿಟರ್, ಸಿನಿಮಾದವರೆಂದರೆ ಅವನಿಗೆ ಮೈ ಉರಿ. ನಮ್ಮ ಚಿಕ್ಕಪ್ಪನ ಮಗನೊಬ್ಬ ಪೊಳ್ಳಾಚಿ ಶೂಟಿಂಗುಗಳ ಹಿಂದೆ ಸುತ್ತಿ ಕಾಲೇಜು ಬಿಟ್ಟವನು. ಅವತ್ತಿನಿಂದ ಮನೆಯಲ್ಲಿ ಸಿನಿಮಾ ನೋಡಬಹುದು, ಸಿನಿಮಾದವರ ಮಾತು ಎತ್ತುವ ಹಾಗಿಲ್ಲ.

ನೀಲಿ ನೂಲಿನ ಸೀರೆ ಕೊಟ್ಟರು, ನಾಯಕಿಯ ಚಪ್ಪಲಿ ಕೊಟ್ಟರು. ಚಪ್ಪಲಿ ಒಂದು ಸೈಜ್ ಚಿಕ್ಕದು. ಡೈರೆಕ್ಟರ್ ಹೇಳಿದ್ದು ಇಷ್ಟೇ: ಬಾಗಿಲು ಹಾಕಿ, ಬೀಗ ಹಾಕಿ, ತಿರುವಿನವರೆಗೂ ನಡೀರಿ, ತಿರುಗಿ ನೋಡಬೇಡಿ.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ನಮ್ಮಲ್ಲಿ ಬೀಗ ಹಾಕಿದರೆ ಎರಡು ಸಲ ಕೆಳಕ್ಕೆ ಎಳೆಯಬೇಕು. ಎಳೆದ ಕೈಯ ಬೆರಳನ್ನು ಕಣ್ಣಿಗೆ ಒತ್ತಿಕೊಳ್ಳಬೇಕು. ಕೀಯನ್ನು ಎಡಸೊಂಟಕ್ಕೆ ಸಿಕ್ಕಿಸಬೇಕು, ಯಾರ ಕೈಗೂ ಕೊಡಬಾರದು. ಅಜ್ಜಿಯ ಕಾಲದಲ್ಲಿ ಉಡುಮಲೈಯ ಯಾವುದೋ ಮದುವೆಗೆ ಹೋಗುವಾಗ ಬೀಗ ಸರಿಯಾಗಿ ಕೂರದೆ ಹಿತ್ತಾಳೆ ಪಾತ್ರೆಗಳೆಲ್ಲ ಹೋದವಂತೆ. ಆವತ್ತಿನಿಂದ ಇದು ಕಾನೂನು. ಅಮ್ಮ ಇದಕ್ಕೆ 'ಬೀಗಕ್ಕೆ ಹೇಳಿಟ್ಟು ಹೋಗೋದು' ಅನ್ನುತ್ತಾಳೆ. ಸೊಸೆಯಾಗಿ ಬಂದ ವಾರದಲ್ಲೇ ಅತ್ತಿಗೆಗೆ ಅಮ್ಮ ಇದನ್ನು ಕಲಿಸಿದ್ದಳು. ಈಗ ಅತ್ತಿಗೆಯ ಕೈ ಅದನ್ನು ತಾನೇ ಮಾಡುತ್ತದೆ, ಶಾಲೆಯ ಸ್ಟಾಫ್ ರೂಮಿನ ಬೀರುವಿಗೂ ಮಾಡುತ್ತದೆ.

ಕ್ಯಾಮೆರಾ ಓಡಿತು. ಅತ್ತಿಗೆ ಬೀಗ ಹಾಕಿದರು, ಎರಡು ಸಲ ಎಳೆದರು, ಬೆರಳನ್ನು ಕಣ್ಣಿಗೊತ್ತಿಕೊಂಡರು, ಕೀ ಸೊಂಟಕ್ಕೆ ಹೋಯಿತು. ಚಪ್ಪಲಿ ಕಡಿಯುತ್ತಿತ್ತು, ಎಡಗಾಲು ಎಳೆಯುತ್ತ ನಡೆದರು. ತಿರುವಿನ ಹತ್ತಿರ ಒಂದು ಸಲ ಬಗ್ಗಿ ಕಾಲಿನಿಂದ ಜಿಗಣೆ ಕಿತ್ತೆಸೆದರು. ಮಂಜು ಬಂತು. ಹಿಂದೆಯೇ ಮಳೆಯೂ ಬಂತು. ಎಲ್ಲರೂ ಕ್ಯಾಮೆರಾ ಮುಚ್ಚಿಕೊಂಡು ವ್ಯಾನಿಗೆ ಓಡಿದರು. ಅತ್ತಿಗೆ ತಮ್ಮನ ಕ್ವಾರ್ಟರ್ಸಿನಲ್ಲಿ ಸೀರೆ ಬದಲಿಸಿ, ನೀಲಿ ಸೀರೆಯನ್ನು ನೀಟಾಗಿ ಮಡಚಿ ವಾಪಸ್ ಕೊಟ್ಟರು. ಮೂರು ಗಂಟೆಯ ಬಸ್ಸಿಗೆ ನಾವು ಹೊರಟೆವು.

ಸಂಜೆ ಏಳೂವರೆಗೆ ಮನೆ ಸೇರಿ ಸೀರೆ ಸಡಿಲಿಸುವಾಗ ಸೊಂಟದಿಂದ ಟಣ್ಣೆಂದು ಏನೋ ಬಿತ್ತು. ಬಂಗಲೆಯ ಕೀ. ಬೆರಳುದ್ದದ ಹಿತ್ತಾಳೆ ಕೀ. ಒಂದು ಸೀರೆಯ ಸೊಂಟದಿಂದ ಇನ್ನೊಂದು ಸೀರೆಯ ಸೊಂಟಕ್ಕೆ ಅದು ತಾನೇ ಬಂದಿತ್ತು. ಅಮ್ಮನ ತರಬೇತಿ ಅಂಥದ್ದು.

ತಮ್ಮನಿಗೆ ಫೋನ್ ಮಾಡಿ ಮಾಡಿ ಕೊನೆಗೆ ಸಿಕ್ಕ. ಅಲ್ಲಿ ಕೀ ಹುಡುಕಾಟ ಶುರುವಾಗಿತ್ತು. ಅಣ್ಣನಿಗೆ ಅತ್ತಿಗೆ ಅರ್ಧ ನಿಜ ಹೇಳಿದರು, ವಾಲ್ಪಾರೈಯಿಂದ ಎಸ್ಟೇಟಿನ ಯಾವುದೋ ಕೀ ಮರೆತು ತಂದುಬಿಟ್ಟೆ ಎಂದು. ಬೆಳಗ್ಗೆ ಅಣ್ಣ ಉಕ್ಕಡಂ ಬಸ್ ಸ್ಟ್ಯಾಂಡಿಗೆ ಹೋಗಿ, ಕೀಯನ್ನು ಪೇಪರಿನಲ್ಲಿ ಸುತ್ತಿ, ಮೊದಲ ವಾಲ್ಪಾರೈ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು ಬಂದ. ನಮ್ಮ ಕಡೆ ಮಾತ್ರೆ, ಮಲ್ಲಿಗೆ ಮೊಗ್ಗು, ಜಾತಕ ಎಲ್ಲ ಹೀಗೇ ಹೋಗುತ್ತವೆ. ಬಸ್ ಹತ್ತೂವರೆಗೆ ತಲುಪಿತು.

ನಾಯಕಿ ಒಂಬತ್ತಕ್ಕೇ ವಿಮಾನ ಹಿಡಿಯಲು ಬೆಟ್ಟ ಇಳಿದಿದ್ದಳು.

ಆ ಬೆಳಗ್ಗೆ ಬಂಗಲೆಯ ಒಳಗೆ ತೆಗೆಯಬೇಕಿದ್ದದ್ದು ಐದು ಪುಟದ ಸೀನ್. ಅವಳು ಯಾಕೆ ಮನೆ ಬಿಟ್ಟಳು, ಎಲ್ಲಿಗೆ ಹೋದಳು ಎಂಬುದೆಲ್ಲ ಅದರಲ್ಲೇ ಇತ್ತು. ಬೀಗ ಒಡೆಯೋಣವೆಂದರೆ ಎಸ್ಟೇಟಿನವರು ಬಿಡಲಿಲ್ಲವಂತೆ, ಬಿಳಿಯರ ಕಾಲದ ಬಾಗಿಲು, ಹೆಡ್ ಆಫೀಸಿನ ಕಾಗದ ಬೇಕೆಂದರಂತೆ. ಕಿಟಕಿಗೆಲ್ಲ ಸರಳು. ನಾಯಕಿಯ ಡೇಟು ಮತ್ತೆ ಸಿಗಲಿಲ್ಲ. ಇದನ್ನೆಲ್ಲ ಕಾಸ್ಟ್ಯೂಮಿನವನು ಅತ್ತಿಗೆಯ ತಮ್ಮನಿಗೆ ಹೇಳಿ, ತಮ್ಮ ತಮಾಷೆಯೆಂದು ನಮಗೆ ಹೇಳಿದ. ಅತ್ತಿಗೆ ನಗಲಿಲ್ಲ.

ಇದೇ ಆ ಮಹಾ ರಹಸ್ಯ. ಡೈರೆಕ್ಟರ್ ಈಗ ಗಡ್ಡ ಬಿಟ್ಟುಕೊಂಡು ಎಲ್ಲೆಲ್ಲೋ ಕುಳಿತು ಹೇಳುತ್ತಾನೆ, ಉತ್ತರ ಕೊಡುವುದು ಕಲೆಯ ಕೆಲಸವಲ್ಲ, ಪ್ರೇಕ್ಷಕರ ಮೌನದಲ್ಲಿ ಉತ್ತರವಿದೆ ಎಂದು. ಉತ್ತರ ನಮ್ಮತ್ತಿಗೆಯ ಸೊಂಟದಲ್ಲಿತ್ತು ಮಹರಾಯ.

ಸಿನಿಮಾ ಬಂದಾಗ ನಾನೂ ಅತ್ತಿಗೆಯೂ ಕದ್ದು ಮ್ಯಾಟಿನಿಗೆ ಹೋದೆವು. ಇಡೀ ಥಿಯೇಟರಿನಲ್ಲಿ ಹತ್ತು ಜನ. ಬೆನ್ನು ಬಂದಾಗ ಅತ್ತಿಗೆ ನನ್ನ ಮಣಿಕಟ್ಟು ಹಿಡಿದುಕೊಂಡರು, ಉಗುರು ಊರಿತು. ಕೊನೆಗೆ ಹೆಸರುಗಳು ಏರತೊಡಗಿದವು. ಎಲ್ಲರೂ ಎದ್ದು ಹೋದರು, ಅತ್ತಿಗೆ ಸೀಟಿನ ತುದಿಯಲ್ಲಿ ಕುಳಿತು ಓದಿದರು. ಉತ್ತರ ಪತ್ರಿಕೆ ತಿದ್ದುವಾಗ ಓದುವ ಹಾಗೆ, ಒಂದು ಸಾಲೂ ಬಿಡದೆ. ಡ್ರೈವರುಗಳ ಹೆಸರಿತ್ತು, ಟೀ ಕೊಟ್ಟವನ ಹೆಸರಿತ್ತು, ಧನ್ಯವಾದದ ಪಟ್ಟಿಯಲ್ಲಿ ನಾಯಿಯ ಹೆಸರೂ ಇತ್ತು. ಅತ್ತಿಗೆಯ ಹೆಸರಿರಲಿಲ್ಲ.

"ನಾಯಿ ಡೈಲಿ ಬಂದಿತ್ತಲ್ಲ," ಅಂದರು ಹೊರಗೆ ಬಂದ ಮೇಲೆ. "ನಾನು ಒಂದೇ ದಿನ."

ಆಟೋದಲ್ಲಿ ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಅಂದರು, "ಒಬ್ರಾದ್ರೂ ಹೇಳ್ಬೇಕು ಇಲ್ಲವಾ, ಅದು ಇವಳು ಅಂತ. ನೀನು ಹೇಳಿದ್ರೆ ಲೆಕ್ಕಕ್ಕಿಲ್ಲ, ನೀನು ಪಕ್ಕದಲ್ಲೇ ಇದ್ದೆ."

ಅವರಿಗೆ ಬೇಕಾಗಿದ್ದು ಅಷ್ಟೇ. ಜೀವಮಾನವೆಲ್ಲ ಬೇರೆಯವರ ಮಕ್ಕಳ ಹೆಸರನ್ನು ಹಾಜರಿ ಪುಸ್ತಕದಲ್ಲಿ ಕರೆದ ಹೆಂಗಸು. ಯಾರಾದರೂ ಒಬ್ಬರು ತಾವಾಗಿ ಅವರ ಬೆನ್ನು ನೋಡಿ ಗುರುತು ಹಿಡಿಯಬೇಕಿತ್ತು.

ಗುರುತು ಹಿಡಿಯುವವರು ಬಂದರು, ಬೇಡಪ್ಪಾ ಬೇಡ ಅನ್ನುವಷ್ಟು. ಅವರಲ್ಲಿ ಒಬ್ಬ ನಮ್ಮ ಮನೆಯ ಮಾಡಿಯ ಮೇಲೆಯೇ, ಅಂದರೆ ಮಹಡಿಯಲ್ಲೇ, ಇದ್ದ. ಅಣ್ಣನ ಬಾಡಿಗೆದಾರ. ಕರ್ನಾಟಕದವನು, ಶರವಣಂಪಟ್ಟಿಯಲ್ಲಿ ಸಾಫ್ಟ್‌ವೇರ್ ಕೆಲಸ, ವಯಸ್ಸು ಮೂವತ್ತು. ಸಾಯಂಕಾಲವಾದರೆ ಮುಖದ ಮುಂದೆ ಉಂಗುರದಂಥ ಲೈಟು ಹಚ್ಚಿಕೊಂಡು ಕನ್ನಡದಲ್ಲಿ ಈ ಸಿನಿಮಾದ ವಿಶ್ಲೇಷಣೆ ಮಾಡುತ್ತಿದ್ದ. ಭಾಗ ಒಂದು, ಭಾಗ ಎರಡು ಎಂದು ಹದಿನಾಲ್ಕು ಭಾಗ. ತಲೆಮಾರುಗಳಿಂದ ಕೊಯಮತ್ತೂರಿನಲ್ಲೇ ಇರುವ ನಮ್ಮ ಮನೆಯ ಕನ್ನಡ ಕೇಳಿದರೆ ಅವನಿಗೆ ನಗು. "ಆಂಟಿ, ನೀವು ಮಾತಾಡೋದು ಕನ್ನಡಾನೋ ತಮಿಳೋ?" ಎಂದು ಮೊದಲ ದಿನವೇ ಕೇಳಿದವನು.

"ಬಾಡಿಗೆ ರಸೀದಿ ಯಾವುದರಲ್ಲಿ ಬೇಕು ತಂಬಿ, ಅದರಲ್ಲಿ ಮಾತಾಡ್ತೀನಿ," ಅಂದಿದ್ದರು ಅತ್ತಿಗೆ.

ಅವನ ಹದಿನಾಲ್ಕು ಭಾಗವನ್ನೂ ನಾನು ನೋಡಿದ್ದೇನೆ, ಹಲ್ಲು ಕಚ್ಚಿಕೊಂಡು. ಎಡಗಾಲು ಎಳೆಯುತ್ತಾಳಲ್ಲ, ಹಾಗಾದರೆ ಹಿಂದಿನ ರಾತ್ರಿ ಗಂಡ ಹೊಡೆದಿದ್ದಾನೆ. ಬಗ್ಗಿ ಏನೋ ಎತ್ತಿಕೊಳ್ಳುತ್ತಾಳೆ, ಅದು ಪ್ರಿಯಕರ ಇಟ್ಟುಹೋದ ಚೀಟಿ. ಜಿಗಣೆ ಸ್ವಾಮಿ, ಜಿಗಣೆ. ನೆಲದ ಮೇಲೆ ನೆರಳಿಲ್ಲ, ಆದ್ದರಿಂದ ಅವಳು ಆಗಲೇ ಸತ್ತಿದ್ದಾಳೆ. ಜೂನ್ ತಿಂಗಳ ವಾಲ್ಪಾರೈ ಮಂಜಿನಲ್ಲಿ ಆನೆಗೂ ನೆರಳಿರುವುದಿಲ್ಲ. ಕೆಳಗಿನ ಕಾಮೆಂಟುಗಳಲ್ಲಿ ಒಬ್ಬ ಹೆಜ್ಜೆ ಎಣಿಸಿದ್ದ, ಇನ್ನೊಬ್ಬ ಆ ಎಣಿಕೆ ತಪ್ಪೆಂದು ಜಗಳ ತೆಗೆದಿದ್ದ, ಇಬ್ಬರೂ ಒಬ್ಬರ ತಾಯಿಯನ್ನು ಒಬ್ಬರು ಬೈದುಕೊಂಡಿದ್ದರು. ಇನ್ನೊಬ್ಬಳು, ಚಿರತೆ ಎಳೆದುಕೊಂಡು ಹೋಯಿತು ಎಂದಿದ್ದಳು. ಪಾಪ, ಅವಳೊಬ್ಬಳಿಗೆ ಆ ಬೆಟ್ಟದ ಬಗ್ಗೆ ಏನಾದರೂ ಗೊತ್ತಿತ್ತು.

ಎಲ್ಲಕ್ಕಿಂತ ದೊಡ್ಡದು ಬೀಗದ ಥಿಯರಿ. ದೇವರನ್ನೇ ನಂಬದ ಹೆಂಗಸು ಬೀಗವನ್ನು ಎರಡು ಸಲ ಎಳೆದು ಬೆರಳನ್ನು ಕಣ್ಣಿಗೆ ಯಾಕೆ ಒತ್ತಿಕೊಳ್ಳುತ್ತಾಳೆ? ಅಲ್ಲೇ ಇದೆ ಸುಳಿವು. ಇವಳು ಅವಳಲ್ಲ. ಬೇರೆ ಹೆಂಗಸು. ಅವಳಿ ತಂಗಿ ಬಂದು ಅಕ್ಕನನ್ನು ಒಳಗೆ ಕೂಡಿಹಾಕಿ ಹೋಗುತ್ತಿದ್ದಾಳೆ.

ಇದನ್ನು ಕೇಳಿದಾಗ ಅತ್ತಿಗೆ ಎದ್ದು ಕುಳಿತರು. ಅವರಿಗೆ ಕನ್ನಡ ಓದಲು ಬರುವುದಿಲ್ಲ, ನಮ್ಮ ಮನೆಯಲ್ಲಿ ಅಕ್ಷರ ಕಲಿತವಳು ನಾನೊಬ್ಬಳೇ, ಅದೂ ಹಟಕ್ಕೆ. ಆದರೆ ಕೇಳಿದರೆ ಎಲ್ಲ ಅರ್ಥವಾಗುತ್ತದೆ.

"ಬೇರೆ ಹೆಂಗಸು ಅಂತ ಕಂಡುಹಿಡಿದುಬಿಟ್ಟನಲ್ಲ," ಅಂದರು. "ಆನ್ಸರ್ ಕರೆಕ್ಟು. ಸ್ಟೆಪ್ಸ್ ಎಲ್ಲಾ ತಪ್ಪು."

"ಎಷ್ಟು ಮಾರ್ಕ್ಸ್ ಅತ್ತಿಗೆ?"

"ಸ್ಟೆಪ್ಸ್ ತಪ್ಪಾದ್ರೆ ಸೊನ್ನೆ. ಆನ್ಸರ್ ಪಕ್ಕದವಳ ಪೇಪರ್ ನೋಡಿಯೂ ಬರೀಬಹುದು."

ಬಾಯಲ್ಲಿ ಹಾಗೆ ಅಂದರು, ಮುಖ ಮಾತ್ರ ಅರಳಿತ್ತು. ಆವತ್ತೇ ಮಧ್ಯಾಹ್ನ ಆ ವಿಡಿಯೋದ ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದ ಒಂದು ಸಾಲು ಬರೆದರು. ಆ ಬೆನ್ನು ನನ್ನದು, ಬೀಗ ಹಾಗೆ ಹಾಕುವುದು ನಮ್ಮ ಮನೆಯ ಪದ್ಧತಿ ಎಂದು. ಅವರ ಪ್ರೊಫೈಲಿನಲ್ಲಿರುವುದು ಒಂದು ದಾಸವಾಳದ ಚಿತ್ರ, ಹೆಸರಿನ ಮೊದಲಕ್ಷರ ಮಾತ್ರ. ಬರೆದವರು ಯಾರೆಂದು ಮಾಡಿಯ ಮೇಲಿದ್ದವನಿಗೆ ಗೊತ್ತಾಗಲಿಲ್ಲ.

ಸಂಜೆಯೊಳಗೆ ಉತ್ತರಗಳು ಬಂದವು. ಎಲ್ಲ ಕನ್ನಡದಲ್ಲಿ. ಅತ್ತಿಗೆ ಫೋನನ್ನು ನನ್ನ ಮುಂದೆ ಹಿಡಿದರು. "ಓದು."

ನಾನು ಓದಿದೆ, ಮನಸ್ಸಿನಲ್ಲಿ. ನಮ್ಮಜ್ಜಿಯೂ ಅದೇ ಸಿನಿಮಾದಲ್ಲಿ ಮಂಜಿನ ಪಾತ್ರ ಮಾಡಿದ್ದಾರೆ. ಆಂಟಿ, ಅನ್ನಕ್ಕಿಟ್ಟಿದ್ದೀರಾ ನೋಡಿ, ಸೀದು ಹೋಗುತ್ತಿದೆ. ಫೇಮಸ್ ಆಗಲು ಜನ ಏನೇನು ಮಾಡುತ್ತಾರಪ್ಪಾ. ಮಾಡಿಯ ಮಹಾಶಯ ಇವೆಲ್ಲಕ್ಕೂ ನಗುವ ಮುಖ ಒತ್ತಿದ್ದ.

"ಪ್ರೂಫ್ ಕೇಳ್ತಿದ್ದಾರೆ," ಅಂದೆ.

"ಇಷ್ಟುದ್ದ ಬರೆದು ಪ್ರೂಫ್ ಮಾತ್ರವಾ ಕೇಳೋದು?" ಅಂದರು ಅತ್ತಿಗೆ. ಫೋನ್ ತೆಗೆದುಕೊಂಡು ಒಳಗೆ ಹೋದರು. ಇಪ್ಪತ್ತಾರು ವರ್ಷ ಮಕ್ಕಳ ಸುಳ್ಳು ಕೇಳಿದವರಿಗೆ ನನ್ನ ಸುಳ್ಳು ಯಾವ ಮಹಾ.

ಆಮೇಲೆ ಒಂದು ತಿಂಗಳು ಆ ಸಿನಿಮಾದ ಮಾತೇ ಇಲ್ಲ. ಅವರು ಮಾತ್ರ ಶಾಲೆಗೆ ಹೊರಡುವಾಗ ಬೀಗ ಹಾಕಿ ಒಂದು ಕ್ಷಣ ನಿಲ್ಲುತ್ತಿದ್ದರು. ಬೆರಳು ಕಣ್ಣಿನವರೆಗೆ ಹೋಗಿ ವಾಪಸ್ ಬರುತ್ತಿತ್ತು. ಕೈಗೇ ನಾಚಿಕೆ ಬಂದ ಹಾಗೆ. ನನಗೆ ಸಿಟ್ಟು ಬಂದದ್ದು ಅಲ್ಲಿ. ಯಾರೋ ಎಲ್ಲೋ ಕುಳಿತು ಕಾಣದ ಹೆಂಗಸಿನ ಹೆಜ್ಜೆ ಎಣಿಸಲಿ, ಅವರ ಕರ್ಮ. ನಮ್ಮ ಮನೆಯ ಬಾಗಿಲಲ್ಲಿ ನಮ್ಮ ಮನೆಯ ಹೆಂಗಸಿನ ಕೈಯನ್ನು ಹಿಡಿದು ನಿಲ್ಲಿಸಲು ಇವರು ಯಾರು?

ಒಂದು ಭಾನುವಾರ ಬೆಳಗ್ಗೆ ಉಡುಮಲೈಪೇಟೆಯಲ್ಲಿ ಸಂಬಂಧಿಕರ ಗೃಹಪ್ರವೇಶ. ನಾವೆಲ್ಲ ಕಾರಿನಲ್ಲಿ ಹೊರಟಿದ್ದೆವು, ಅಮ್ಮನೂ ಸೇರಿ. ಮಾಡಿಯವನು ತಿಂಡಿಗೆ ಕೆಳಗಿಳಿದಿದ್ದ, ಭಾನುವಾರ ಅತ್ತಿಗೆಯ ಇಡ್ಲಿ ಅವನ ಬಾಡಿಗೆಯ ಜೊತೆ ಸೇರಿದ್ದು ಎಂದು ಅವನ ನಂಬಿಕೆ. ಇಡ್ಲಿ ಮುರಿಯುತ್ತ ಅಣ್ಣನಿಗೆ ಥಿಯರಿ ವಿವರಿಸಲು ಶುರುಮಾಡಿದ. ಅಣ್ಣ ಪೇಪರು ಓದುತ್ತಿದ್ದ.

"ಅಂಕಲ್, ಕೊನೇ ಭಾಗ ಮಾಡ್ತಾ ಇದೀನಿ. ಆ ಬೀಗದ ರಹಸ್ಯ ಬಿಡಿಸ್ತೀನಿ. ಅವಳಿ ತಂಗಿ ಬೇರೆ ಮನೆತನದಲ್ಲಿ ಬೆಳೆದಿದಾಳೆ ಅನ್ನೋದಕ್ಕೆ ಆ ಸನ್ನೆ ಪ್ರೂಫು."

ಅತ್ತಿಗೆ ಚಟ್ನಿ ಬಡಿಸುತ್ತಿದ್ದವರು ನಿಂತರು. ಅಣ್ಣನ ಕಡೆ ಒಂದು ಸಲ ನೋಡಿದರು. ಪೇಪರು ಅಲುಗಲಿಲ್ಲ. ನಾಲ್ಕು ವರ್ಷ ಮುಚ್ಚಿಟ್ಟದ್ದನ್ನು ಅವನ ಮುಂದೆಯೇ ಹೇಳಲು ಅವರು ತೀರ್ಮಾನ ಮಾಡಿದ್ದು ನನಗೆ ಕಂಡಿತು.

"ತಂಬಿ, ಅದು ನಾನು," ಅಂದರು. "ನಾಯಕಿ ನಡೀಲಿಲ್ಲ. ಡೂಪ್ ಹುಡುಗಿಗೆ ಹುಷಾರಿರ್ಲಿಲ್ಲ. ನಾನು ನಡೆದೆ. ಕೀ ಮರೆತು ಮನೆಗೆ ತಂದುಬಿಟ್ಟೆ. ಅದಕ್ಕೇ ಕೊನೇ ಸೀನ್ ತೆಗಿಲಿಲ್ಲ. ಅಷ್ಟೇ ನಿಮ್ಮ ರಹಸ್ಯ."

ಅವನು ಅಗಿಯುವುದನ್ನು ನಿಲ್ಲಿಸಿದ. ಆಮೇಲೆ ನಕ್ಕ, ಒಳ್ಳೆಯ ನಗುವೇ.

"ಆಂಟಿ, ಸೂಪರ್. ಕಾಮೆಂಟಲ್ಲಿ ಒಬ್ಬರು ಹೀಗೇ ಹಾಕಿದ್ರು. ಅದನ್ನ ಓದಿದ್ರಾ ನೀವೂ?"

"ಹಾಕಿದ್ದು ನಾನೇ."

"ಅಯ್ಯೋ ಆಂಟಿ." ಅವನಿಗೆ ನಿಜವಾಗಿಯೂ ಕನಿಕರ ಬಂತು. "ಬೇಜಾರ್ ಮಾಡ್ಕೋಬೇಡಿ. ಆದ್ರೆ ಒಬ್ಬ ಡೈರೆಕ್ಟರ್ ಮೂರು ವರ್ಷ ಯೋಚನೆ ಮಾಡಿ ಬರೆದಿರೋ ಕಥೇನ, ಕೀ ಮರೆತೋಯ್ತು ಅಂದ್ಬಿಟ್ರೆ ಹೇಗೆ? ಅಷ್ಟು ಸಿಂಪಲ್ ಇರಲ್ಲ ಆಂಟಿ ಸಿನಿಮಾ."

"ಚಪ್ಪಲಿ ಕಡೀತಿತ್ತು. ಜಿಗಣೆ ಹತ್ತಿತ್ತು."

"ಅದು ನಿಮ್ಮ ಇಂಟರ್‌ಪ್ರಿಟೇಶನ್ನು," ಅಂದ.

ಅತ್ತಿಗೆ ಚಟ್ನಿ ಪಾತ್ರೆ ಒಳಗಿಟ್ಟು, ಗ್ಯಾಸ್ ಬಂದ್ ಮಾಡಿ, ಹಿತ್ತಲ ಬಾಗಿಲು ಹಾಕಿ ಬಂದರು. ಅಮ್ಮನನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿಯಾಗಿತ್ತು. ಅಣ್ಣ ಸ್ಟೀರಿಂಗ್ ಮುಂದೆ. ನಾನು ಹಿಂದೆ. ಬಾಡಿಗೆಯವನು ಕೈ ತೊಳೆದುಕೊಂಡು ಬಂದು ಮಾಡಿ ಮೆಟ್ಟಿಲಿನ ಮೇಲೆ ನಿಂತಿದ್ದ, ಅತ್ತಿಗೆಯ ನೇರ ಹಿಂದೆ, ನಾಲ್ಕು ಮಾರು ದೂರದಲ್ಲಿ. ಕ್ಯಾಮೆರಾ ಇಟ್ಟಿದ್ದದ್ದೂ ಅಷ್ಟೇ ದೂರದಲ್ಲಿ.

ಅತ್ತಿಗೆ ಬಾಗಿಲೆಳೆದು ಬೀಗ ಹಾಕಿದರು. ಎರಡು ಸಲ ಎಳೆದರು. ಆಮೇಲೆ ಕೈ ಗಾಳಿಯಲ್ಲಿ ನಿಂತಿತು.

ಕಾರಿನೊಳಗಿನಿಂದ ಅಮ್ಮ ಕೂಗಿದಳು. ಎಂಬತ್ತು ದಾಟಿದವಳು, ಸಿನಿಮಾ ನೋಡುವುದು ಬಿಟ್ಟು ಎಷ್ಟೋ ವರ್ಷವಾಯಿತು, ಕಣ್ಣಿಗೆ ಪೊರೆ.

"ಬೀಗಕ್ಕೆ ಹೇಳಿದ್ಯಾ?"

"ಹೇಳ್ದೆ ಅತ್ತೆ," ಅಂದರು ಅತ್ತಿಗೆ. ಬೆರಳನ್ನು ಎರಡು ಕಣ್ಣಿಗೂ ಒತ್ತಿಕೊಂಡರು. ಕೀಯನ್ನು ಎಡಸೊಂಟಕ್ಕೆ ಸಿಕ್ಕಿಸಿದರು. ಹೊಸ ಚಪ್ಪಲಿ, ಅದೂ ಕಡಿಯುತ್ತಿತ್ತು. ಎಡಗಾಲು ಎಳೆಯುತ್ತ ಗೇಟಿನ ಕಡೆ ನಡೆದರು.

ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಬಾಯಿ ತೆರೆದಿತ್ತು. ಗೊತ್ತಾಯಿತು ಎಂದುಕೊಂಡೆ. ಅವನು ಎರಡು ಮೆಟ್ಟಿಲಿಳಿದ.

"ಆಂಟಿ," ಅಂದ, "ಎಷ್ಟು ಸಲ ನೋಡಿದೀರಾ ನೀವು ಈ ಸಿನಿಮಾನ? ಥೇಟ್ ಅವಳ ಥರಾನೇ ಮಾಡ್ತೀರಲ್ಲ. ಅಜ್ಜಿಗೂ ತೋರಿಸಿಬಿಟ್ಟಿದೀರಾ?"

ನಾನು ಈ ವಯಸ್ಸಿನಲ್ಲಿ ಸಾಕಷ್ಟು ಮೂರ್ಖರನ್ನು ನೋಡಿದ್ದೇನೆ, ಹಲವರ ಜೊತೆ ಕೆಲಸ ಮಾಡಿದ್ದೇನೆ, ಒಬ್ಬನನ್ನು ಮದುವೆಯೂ ಆಗಿದ್ದೆ. ಆದರೆ ಹೀಗೆ ಕಣ್ಣೆದುರಿಗಿದ್ದದ್ದನ್ನು ತಿರುಗಿಸಿ ಹಿಡಿದುಕೊಳ್ಳುವವರು ಬೇರೆಯೇ ಜಾತಿ. ಇವರಿಗೆ ಉತ್ತರ ಬೇಕಾಗಿಲ್ಲ. ಉತ್ತರ ಸಿಕ್ಕರೆ ನಾಳೆ ಸಂಜೆ ಏನು ಮಾಡುವುದು? ಕಾಣೆಯಾದವಳು ಇಡ್ಲಿ ಬಡಿಸಿ ಎದುರಿಗೆ ನಿಂತರೂ ಇವರು ಮಂಜಿನಲ್ಲೇ ಹುಡುಕುತ್ತಾರೆ.

ಅತ್ತಿಗೆ ಗೇಟಿನ ಹತ್ತಿರ ನಿಂತು ತಿರುಗಿದರು. "ನೀವು ಎಷ್ಟು ಸಲ ನೋಡಿದ್ದೀರಿ ತಂಬಿ?"

"ಆ ಶಾಟಾ? ಲೆಕ್ಕ ಇಲ್ಲ ಆಂಟಿ. ಫ್ರೇಮ್ ಫ್ರೇಮ್ ನಿಲ್ಲಿಸಿ ನೋಡಿದೀನಿ."

"ಆಯ್ತು," ಅಂದರು. "ಸಾಯಂಕಾಲ ನೀರು ಬಂದ್ರೆ ಮೋಟರ್ ಹಾಕಿ." ಕಾರಿನಲ್ಲಿ ನನ್ನ ಪಕ್ಕ ಕುಳಿತರು.

ಅಣ್ಣ ಕಾರು ಸ್ಟಾರ್ಟ್ ಮಾಡಲಿಲ್ಲ. ಗಾಜು ಇಳಿಸಿದ.

"ತಂಬಿ," ಅಂದ, "ಆ ಕೀನ ಪೇಪರಲ್ಲಿ ಸುತ್ತಿ ವಾಲ್ಪಾರೈ ಬಸ್ಸಿಗೆ ಕೊಟ್ಟವನು ನಾನು. ಇಷ್ಟುದ್ದ ಇತ್ತು, ಹಿತ್ತಾಳೆದು."

ಅವನು ತಲೆ ಕೆರೆದುಕೊಂಡ. "ಅಂಕಲ್, ಅದು ಕಾಕತಾಳೀಯ ಇರಬಹುದಲ್ವಾ?"

"ಇರಬಹುದು," ಅಂದು ಅಣ್ಣ ಗಾಜು ಏರಿಸಿದ.

ಉಕ್ಕಡಂ ದಾಟಿದೆವು. ಪೊಳ್ಳಾಚಿ ರಸ್ತೆ ಹಿಡಿದೆವು. ಅಮ್ಮ ನಿದ್ದೆ ಹೋದಳು. ಅತ್ತಿಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತುತ್ತಿದ್ದರು. ಕಿಣತ್ತುಕಡವು ಬಂದಾಗ ಅವರೇ ಮಾತು ಶುರುಮಾಡಿದರು.

"ಕೋಪವಾ?"

"ಯಾಕೆ?"

"ಸಿನಿಮಾ ವಿಷಯ. ಹೇಳ್ಲಿಲ್ಲ ಅಂತ."

"ಗೊತ್ತಿತ್ತು," ಅಂದ ಅಣ್ಣ.

ಅತ್ತಿಗೆ ನನ್ನ ಕಡೆ ತಿರುಗಿ ಕಣ್ಣು ಕಿರಿದು ಮಾಡಿದರು. ನಾನು ತಲೆ ಅಲ್ಲಾಡಿಸಿದೆ. ನಾನು ಹೇಳಿರಲಿಲ್ಲ, ನಿಜವಾಗಿ.

"ಇವಳಲ್ಲ," ಅಂದ ಅಣ್ಣ ಕನ್ನಡಿಯಲ್ಲಿ ನೋಡಿ. "ಟೀವೀಲಿ ಹಾಕಿದ್ರಲ್ಲ, ಪೊಂಗಲ್ ರಜದಲ್ಲಿ. ನೀನು ಅಡುಗೆಮನೇಲಿದ್ದೆ. ಆ ಹೆಂಗಸು ಬೀಗ ಹಾಕಿ ನಡೆದ್ಲು. ಮೊದ್ಲು ನಡಿಗೆ ನೋಡಿದೆ. ಚಪ್ಪಲಿ ಕಡಿದ್ರೆ ನೀನು ಹಂಗೇ ಎಡಗಾಲು ಎಳೀತಿ, ನಮ್ಮ ಮದುವೆ ದಿನವೂ ಹಂಗೇ. ಬಸ್ ಸ್ಟಾಪಿಗೆ ಎಷ್ಟು ವರ್ಷ ನಿನ್ನ ಹಿಂದೆ ನಡೆದಿದ್ದೀನಿ. ನೀನು ಯಾವತ್ತು ನನಗೆ ಕಾದಿದ್ದಿ, ಹೇಳು. ಯಾವಾಗ್ಲೂ ಮುಂದೆ ಹೋಗ್ತಿ."

"ನೀವು ಮೆಲ್ಲಗೆ ನಡೀತೀರಿ."

"ಆಮಾ, ಮೆಲ್ಲಗೇ. ಅದಕ್ಕೇ ಬೆನ್ನು ಗೊತ್ತು."

ಅತ್ತಿಗೆ ಸೆರಗು ಬಿಟ್ಟರು. "ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನು ಹೇಳ್ಲಿ ಅಂತ ಇದ್ದೆ. ನೀನು ಹೇಳ್ಲಿಲ್ಲ. ಸರಿ, ಬೇಡ ಅಂತ ಇರಬೇಕು ಅಂದ್ಕೊಂಡೆ." ಲಾರಿಯೊಂದನ್ನು ದಾಟಿಸಿದ ಮೇಲೆ ಮುಂದುವರಿಸಿದ. "ಹೆಸರು ಹಾಕ್ಲಿಲ್ಲ ಕಳ್ಳ ನನ್ಮಕ್ಕಳು. ಆಮೇಲೆ ಫೋನಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಿದೆ. ನಾಯಿ ಹೆಸರಿದೆ."

"ನಾಯಿ ಡೈಲಿ ಬಂದಿತ್ತು," ಅಂದರು ಅತ್ತಿಗೆ. ಆಮೇಲೆ ಕಿಟಕಿಯ ಕಡೆ ತಿರುಗಿಕೊಂಡು ತುಂಬ ಹೊತ್ತು ತೆಂಗಿನ ತೋಟಗಳನ್ನು ನೋಡಿದರು. ನನ್ನ ಕಡೆ ಇದ್ದದ್ದು ಬೆನ್ನು. ಅಳುತ್ತಿದ್ದಾರೋ ನಗುತ್ತಿದ್ದಾರೋ ನಾನು ಥಿಯರಿ ಮಾಡಲು ಹೋಗಲಿಲ್ಲ.

ಮುಂದಿನ ವಾರ ಮಾಡಿಯವನ ಹದಿನೈದನೇ ಭಾಗ ಬಂತು. ಕೊಯಮತ್ತೂರಿನ ಕೆಲವು ಹಳೇ ಕನ್ನಡ ಮನೆಗಳಲ್ಲಿ ಬೀಗಕ್ಕೆ ಹೇಳಿ ಹೋಗುವ ಪದ್ಧತಿಯಿದೆ, ತಾನು ಕ್ಷೇತ್ರಕಾರ್ಯ ಮಾಡಿ ಕಂಡುಹಿಡಿದೆ, ಆದ್ದರಿಂದ ಅವಳಿ ತಂಗಿ ಅಂಥ ಮನೆಯಲ್ಲಿ ಬೆಳೆದವಳು ಎಂಬುದು ಖಚಿತವಾಯಿತು ಎಂದು ಹೇಳಿದ್ದ. ನಮ್ಮ ಮನೆಯ ಇಡ್ಲಿ ತಿನ್ನುವುದಕ್ಕೆ ಅವನು ಇಟ್ಟ ಹೆಸರು ಕ್ಷೇತ್ರಕಾರ್ಯ. ಕೊನೆಯಲ್ಲಿ ಧನ್ಯವಾದದ ಪಟ್ಟಿಯಲ್ಲಿ ಅತ್ತಿಗೆಯ ಹೆಸರಿತ್ತು, ಪೂರ್ತಿ ಹೆಸರು, ಕನ್ನಡದಲ್ಲಿ, ಅವನ ಲೈಟು ರಿಪೇರಿ ಮಾಡಿದವನ ಹೆಸರಿನ ಕೆಳಗೆ.

ಅತ್ತಿಗೆಗೆ ತೋರಿಸಿದೆ. "ಇಲ್ಲಿ ನೋಡಿ, ನಿಮ್ಮ ಹೆಸರು."

ಅವರು ಹೊರಡುವ ಗಡಿಬಿಡಿಯಲ್ಲಿದ್ದರು, ಅಣ್ಣ ಆಗಲೇ ಗೇಟಿನ ಹತ್ತಿರ ನಿಂತಿದ್ದ. ಓದಲು ಬಾರದ ಅಕ್ಷರಗಳನ್ನು ಒಂದು ಸಲ ನೋಡಿ ಫೋನ್ ವಾಪಸ್ ಕೊಟ್ಟರು.

"ಯಾವ ಲೆಕ್ಕಕ್ಕೆ ಹಾಕಿದ್ದಾನೆ?"

"ಥಿಯರಿಗೆ ಸಹಾಯ ಮಾಡಿದ್ದಕ್ಕೆ."

"ಪಾಪ," ಅಂದರು. ಬಾಗಿಲೆಳೆದು, ಬೀಗ ಹಾಕಿ, ಎರಡು ಸಲ ಎಳೆದು, ಬೆರಳನ್ನು ನಿಧಾನವಾಗಿ ಕಣ್ಣಿಗೊತ್ತಿಕೊಂಡರು. ಮಾಡಿಯ ಕಿಟಕಿ ತೆರೆದೇ ಇತ್ತು, ಅವನು ನೋಡುತ್ತಿದ್ದನೋ ಏನೋ. ಅಣ್ಣನನ್ನು ದಾಟಿ ಬಸ್ ಸ್ಟಾಪಿನ ಕಡೆ ಮುಂದೆ ಮುಂದೆ ನಡೆದರು. ಅಣ್ಣ ಎಂದಿನ ಹಾಗೆ ಹತ್ತು ಹೆಜ್ಜೆ ಹಿಂದೆ ಉಳಿದ.